ಕಾರಿನ ಸೀಟು: ಕಲೆಗಿಂತ ತೇವ ಕೆಟ್ಟದ್ದು

ಬಟ್ಟೆ ಸೀಟಿನ ಕಾರು ಮನೆಯಲ್ಲಿದ್ದ ಮೇಲೆ ಇವೆಲ್ಲ ಒಂದಲ್ಲ ಒಂದು ದಿನ ಆಗುವಂಥವೇ. ಮಗು ಕುಡಿದ ಹಾಲನ್ನು ಕಕ್ಕುತ್ತದೆ. ಮದುವೆ ಮನೆಯಿಂದ ತಂದ ಡಬ್ಬಿಯ ಸಾಂಬಾರು ತಿರುವಿನಲ್ಲಿ ಮಗುಚಿಕೊಳ್ಳುತ್ತದೆ. ಅಜ್ಜನ ಎಲೆ ಅಡಿಕೆಯ ರಸ ಕಿಟಕಿಯಾಚೆ ಹೋಗದೆ ಸೀಟಿನ ಮೇಲೆ ಬೀಳುತ್ತದೆ. ಕಿಟಕಿ ಗಾಜು ಏರಿಸಲು ಮರೆತ ರಾತ್ರಿಯೇ ಜೋರು ಮಳೆ ಬರುತ್ತದೆ. ಸೀಟು ತೊಳೆಯುವುದಕ್ಕೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದೆ. ಕೊಳೆ ಸೀಟಿನ ಮೇಲೆ ದಿನವೂ ಕುಳಿತು ಕೆಮ್ಮು, ಸೀನು ಹತ್ತಿಸಿಕೊಂಡವರು ನನ್ನಲ್ಲಿಗೆ ಬರುತ್ತಾರೆ. ಸೀಟು ತೊಳೆಯಲು ಹೋಗಿ ಉಸಿರು ಕಟ್ಟಿಸಿಕೊಂಡವರೂ ಬರುತ್ತಾರೆ. ಇವರಲ್ಲಿ ಎರಡನೆಯವರ ಸ್ಥಿತಿಯೇ ಹೆಚ್ಚು ತುರ್ತಿನದು.

ಬರೀ ಕಲೆಯಿಂದ ಯಾರಿಗೂ ಕಾಯಿಲೆ ಬರುವುದಿಲ್ಲ. ಹಳದಿಯೋ ಕಂದೋ ಒಂದು ಗುರುತು ಸೀಟಿನ ಮೇಲೆ ಉಳಿದರೆ ಕಣ್ಣಿಗೆ ಬೇಸರ, ಅಷ್ಟೆ. ಕಾಯಿಲೆ ತರುವುದು ಕಲೆಯ ಕೆಳಗೆ ಸ್ಪಂಜಿನೊಳಗೆ ಉಳಿದ ಕೊಳೆ ಮತ್ತು ತೇವ. ಅದೂ ಇಲ್ಲದಿದ್ದರೆ, ಕಲೆ ತೆಗೆಯಲೇಬೇಕೆಂಬ ಹಟದಲ್ಲಿ ನಾವು ಸುರಿಯುವ ಘಾಟಿನ ವಸ್ತುಗಳು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮನೆಯಲ್ಲಿರುವ ಸಾಮಾನಿನಿಂದಲೇ, ಹೆಚ್ಚು ಖರ್ಚಿಲ್ಲದೆ ಸೀಟನ್ನು ಚೊಕ್ಕಟ ಮಾಡಬಹುದು.

ಮಳೆಗಾಲದಲ್ಲಿ ಒಮ್ಮೆ ಆರು ವರ್ಷದ ಹುಡುಗನೊಬ್ಬನನ್ನು ಕೆಮ್ಮಿಗಾಗಿ ಕರೆತಂದಿದ್ದರು. ಎದೆಯಲ್ಲಿ ಸುಯ್ ಎಂಬ ಸದ್ದು. ಮೂರು ವಾರದಿಂದ ಸಿರಪ್ಪು ಕುಡಿಸಿ ಸಾಕಾಗಿತ್ತು. ತಾಯಿ ಒಂದು ಸೂಕ್ಷ್ಮ ಗಮನಿಸಿದ್ದರು. “ಭಾನುವಾರ ಕೆಮ್ಮೇ ಇರಲ್ಲ ಡಾಕ್ಟ್ರೇ. ಸೋಮವಾರ ಸ್ಕೂಲ್ ಹತ್ರ ಇಳಿಯೋ ಹೊತ್ತಿಗೆ ಶುರುವಾಗುತ್ತೆ” ಎಂದರು. ಶಾಲೆಗೆ ಹೇಗೆ ಹೋಗುತ್ತಾನೆ ಎಂದು ಕೇಳಿದೆ. ಕಾರಿನಲ್ಲಿ, ಕಿಟಕಿ ಮುಚ್ಚಿಕೊಂಡು, ಮುಕ್ಕಾಲು ಗಂಟೆ. “ಕಾರು ಕ್ಲೀನಾಗೇ ಇದೆ ಸಾರ್, ಹೋದ ತಿಂಗಳು ತಾನೇ ಹೊಸ ಕವರ್ ಹಾಕ್ಸಿದೀನಿ” ಎಂದರು ತಂದೆ. ಕವರ್ ಬಿಚ್ಚಿ ನೋಡಿ ಬನ್ನಿ ಎಂದೆ. ಮರುದಿನ ಬಂದು ಹೇಳಿದರು: ಹಿಂದಿನ ಸೀಟಿಗೆ ಮಳೆನೀರು ಬಿದ್ದಿತ್ತು, ಹಾಲಿನ ಹಳೆಯ ಕಲೆಯೂ ಇತ್ತು, ಅದು ಕಾಣದಿರಲೆಂದೇ ಮೇಲೆ ರೆಕ್ಸಿನ್ ಕವರ್ ಹೊದಿಸಿದ್ದು. ಈಗ ಕೆಳಗೆ ಬಟ್ಟೆಯ ತುಂಬ ಕರಿ ಚುಕ್ಕೆ, ಕೈಯಿಟ್ಟರೆ ತಣ್ಣಗೆ, ಹುಳಿ ವಾಸನೆ. ಹುಡುಗನಿಗೆ ಉಸಿರಿನ ಮೂಲಕ ಎಳೆದುಕೊಳ್ಳುವ ಔಷಧವನ್ನೂ ಕೊಟ್ಟಿದ್ದೆ, ಆದ್ದರಿಂದ ಗುಣವಾದದ್ದೆಲ್ಲ ಸೀಟು ತೊಳೆದದ್ದರಿಂದಲೇ ಎನ್ನಲಾರೆ. ಆದರೆ ಸೀಟು ಸರಿಯಾದ ಮೇಲೆ ಸೋಮವಾರದ ಕೆಮ್ಮು ನಿಂತಿತು.

ಕವರ್ ಹೊದಿಸಿ ಕೊಳೆ ಮುಚ್ಚುವುದು ನಮ್ಮಲ್ಲಿ ಬಹಳ ಕಾಣುವ ಅಭ್ಯಾಸ. ಒಣಗಿದ, ಚೊಕ್ಕಟವಾದ ಸೀಟಿಗೆ ಕವರ್ ಹಾಕುವುದು ಒಳ್ಳೆಯದೇ. ಒದ್ದೆ ಸೀಟಿಗೆ ಹಾಕಿದರೆ ಬೂಷ್ಟಿಗೆ ನಾವೇ ಕಂಬಳಿ ಹೊದಿಸಿದ ಹಾಗೆ.

ಸ್ಪಂಜಿನೊಳಗೆ ನಡೆಯುವುದು

ಕಾರಿನ ಸೀಟಿನ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್. ಅದಕ್ಕೆ ನೀರು ಹೆಚ್ಚು ಅಂಟುವುದಿಲ್ಲ, ಬೇಗ ಒಣಗುತ್ತದೆ. ಕೆಳಗಿನ ದಪ್ಪ ಸ್ಪಂಜು ಹಾಗಲ್ಲ. ಅದು ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಮುಟ್ಟಿ ನೋಡಿದರೆ ಒಣಗಿದಂತೆ ಅನಿಸಿದರೂ ಒಳಗೆ ಎರಡು ಮೂರು ದಿನ ತೇವ ಉಳಿಯಬಹುದು. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಅದರ ಮೇಲೆ ಶಿಲೀಂಧ್ರ, ಅಂದರೆ ಬೂಷ್ಟು, ಬೆಳೆಯತೊಡಗುತ್ತದೆ. ಹಾಲು, ವಾಂತಿ, ಬೆವರು ಅದಕ್ಕೆ ಆಹಾರ. ಬೂಷ್ಟಿನ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನಾವು ಸೀಟಿನ ಮೇಲೆ ಧೊಪ್ಪೆಂದು ಕುಳಿತಾಗಲೆಲ್ಲ ಮೇಲೇಳುತ್ತವೆ.

ಇದರ ಜೊತೆಗೆ ಧೂಳಿನ ನುಸಿ ಎಂಬ ಜೀವಿ ಇದೆ. ಉದ್ದ ಸುಮಾರು ಕಾಲು ಮಿಲಿಮೀಟರ್. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅದರ ಊಟ. ಅದು ಕಚ್ಚುವುದಿಲ್ಲ. ಅದರ ಹಿಕ್ಕೆಯಲ್ಲಿರುವ ಪ್ರೋಟೀನು ಅಲರ್ಜಿ ಇರುವವರಲ್ಲಿ ಸೀನು, ಕಣ್ಣುರಿ, ಉಬ್ಬಸ ತರಿಸುತ್ತದೆ. ನುಸಿಗೆ ನೀರು ಕುಡಿಯುವ ಬಾಯಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಆದ್ದರಿಂದ ಒಣ ಸೀಟಿನಲ್ಲಿ ಅದಕ್ಕೆ ಬಾಳಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೀಟನ್ನು ಒಣಗಿಡುವುದು ಎಷ್ಟು ಕಷ್ಟವೆಂಬುದು ಅಲ್ಲಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಬಯಲುಸೀಮೆಯವರಿಗೆ ಈ ವಿಷಯದಲ್ಲಿ ಸೂರ್ಯನ ಕೃಪೆ ಇದೆ.

ಎಲ್ಲರಿಗೂ ಇದರಿಂದ ತೊಂದರೆಯಾಗುವುದಿಲ್ಲ. ಮನೆಯಲ್ಲಿ ಆಸ್ತಮಾ ಇರುವವರು, ಎಳೆಯ ಮಕ್ಕಳು, ಹಳೆಯ ಶ್ವಾಸಕೋಶದ ಕಾಯಿಲೆಯ ಹಿರಿಯರು ಇದ್ದರೆ ಸೀಟಿನ ಬಗ್ಗೆ ಸ್ವಲ್ಪ ಹೆಚ್ಚು ಗಮನ ಬೇಕು.

ಮೊದಲು ಒಣ ಕೆಲಸ

ಸೀಟಿಗೆ ನೀರು ಮುಟ್ಟಿಸುವ ಮೊದಲು ಧೂಳು ತೆಗೆಯಬೇಕು. ಇಲ್ಲದಿದ್ದರೆ ಧೂಳೆಲ್ಲ ಕೆಸರಾಗಿ ಸ್ಪಂಜಿಗೆ ಇಳಿಯುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸರಿ. ಇಲ್ಲದಿದ್ದರೆ ಹಳೆಯ ಪಂಚೆಯನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಸೀಟಿನ ಮೇಲೆ ಹಾಸಿ, ಕೋಲಿನಿಂದ ಮೆಲ್ಲಗೆ ಬಡಿಯಿರಿ. ಎದ್ದ ಧೂಳು ಗಾಳಿಗೆ ಹಾರದೆ ಪಂಚೆಗೆ ಅಂಟಿಕೊಳ್ಳುತ್ತದೆ. ಪಂಚೆಯನ್ನು ಜಾಲಿಸಿ ಎರಡು ಮೂರು ಸಲ ಹೀಗೆ ಮಾಡಿದರೆ ಬರುವ ಕೆಂಪು ನೀರು ನೋಡಿ ನಿಮಗೇ ಆಶ್ಚರ್ಯವಾಗುತ್ತದೆ. ಮೂಗು ಬಾಯಿಗೆ ಮಾಸ್ಕ್ ಇರಲಿ, ನಾಲ್ಕೂ ಬಾಗಿಲು ತೆರೆದಿರಲಿ. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು, ಹತ್ತಿರವೂ ನಿಲ್ಲಬಾರದು.

ವಾಸನೆ ಇದ್ದರೆ ಅಡುಗೆ ಸೋಡಾವನ್ನು ಒಣ ಸೀಟಿನ ಮೇಲೆ ತೆಳ್ಳಗೆ ಉದುರಿಸಿ ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಬಿಟ್ಟು ಗುಡಿಸಿ ತೆಗೆಯಿರಿ. ಇದು ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಅಲ್ಲ ಎಂಬುದು ನೆನಪಿರಲಿ. ಅದು ಬಲು ಖಾರ, ಕೈ ಚರ್ಮ ಸುಡುತ್ತದೆ.

ನೀರಲ್ಲ, ನೊರೆ

ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ಚಹಾ ಚಮಚ ಬಟ್ಟೆ ಸೋಪಿನ ಪುಡಿ ಅಥವಾ ಪಾತ್ರೆ ತೊಳೆಯುವ ದ್ರವ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಚೊಕ್ಕಟವಾಗುತ್ತದೆ ಎಂಬುದು ತಪ್ಪು ಎಣಿಕೆ. ತೊಳೆದು ತೆಗೆಯಲಾಗದ ಸೋಪು ಬಟ್ಟೆಯಲ್ಲೇ ಉಳಿದು ಅಂಟಾಗಿ ಮರುವಾರಕ್ಕೆ ಹೊಸ ಕೊಳೆಯನ್ನು ಹಿಡಿಯುತ್ತದೆ. ಕೆಲವರಿಗೆ ತೊಡೆ, ಬೆನ್ನಿನ ಚರ್ಮದಲ್ಲಿ ತುರಿಕೆಯೂ ಬರುತ್ತದೆ.

ಈ ನೀರನ್ನು ಕೈಯಿಂದ ಚೆನ್ನಾಗಿ ಕಡೆದು, ಮೇಲೆ ಬಂದ ನೊರೆಯನ್ನು ಮಾತ್ರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎತ್ತಿ ಸೀಟಿಗೆ ಹಚ್ಚಿ ಉಜ್ಜಿ. ನನ್ನ ಮಟ್ಟಿಗೆ ಇಡೀ ಕೆಲಸದ ಗುಟ್ಟು ಇದೇ. ನೊರೆ ಬಟ್ಟೆಯನ್ನು ತೊಳೆಯುತ್ತದೆ, ಸ್ಪಂಜಿಗೆ ಇಳಿಯುವುದಿಲ್ಲ. ಒಂದು ಮೊಳದಷ್ಟು ಜಾಗ ಉಜ್ಜಿ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ತಕ್ಷಣ ಒಣ ಟವೆಲ್ ಒತ್ತಿ ನೀರು ಹೀರಿಸಿ ಮುಂದಿನ ಜಾಗಕ್ಕೆ ಹೋಗಿ. ಕಲೆಯನ್ನು ಸುತ್ತಲಿಂದ ನಡುವಿಗೆ ಉಜ್ಜಬೇಕು, ನಡುವಿನಿಂದ ಹೊರಕ್ಕೆ ಉಜ್ಜಿದರೆ ಹರಡುತ್ತದೆ. ಯಾವ ವಸ್ತುವನ್ನೇ ಆದರೂ ಮೊದಲು ಸೀಟಿನ ಕೆಳಗೆ, ಕಣ್ಣಿಗೆ ಬೀಳದ ಕಡೆ ಹಚ್ಚಿ ಬಣ್ಣ ಬಿಡುತ್ತದೆಯೇ ನೋಡಿ.

ಪೈಪು ಹಿಡಿದು ಸೀಟಿಗೆ ನೀರು ಬಿಡುವುದಂತೂ ಬೇಡವೇ ಬೇಡ. ಸ್ಪಂಜಿನ ಮಾತು ಹಾಗಿರಲಿ, ಈಗಿನ ಕಾರುಗಳಲ್ಲಿ ಸೀಟಿನ ಕೆಳಗೆ ಸೀಟ್ ಬೆಲ್ಟಿನ ವೈರು, ಕೆಲವದರಲ್ಲಿ ಏರ್‌ಬ್ಯಾಗಿನ ವೈರು ಇರುತ್ತದೆ. ಅದೇ ಕಾರಣಕ್ಕೆ ಸೀಟನ್ನು ನೀವೇ ಬಿಚ್ಚಿ ಹೊರತೆಗೆಯುವ ಸಾಹಸವೂ ಬೇಡ. ಬೆಲ್ಟಿನ ಪಟ್ಟಿಯನ್ನು ತೆಳು ಸೋಪಿನ ನೀರಿನಿಂದ ಒರೆಸಿದರೆ ಸಾಕು. ಬ್ಲೀಚು, ಆಸಿಡ್ಡು ತಗಲಿದರೆ ಅದರ ನೂಲು ಸೊರಗುತ್ತದೆ, ಅಪಘಾತದ ಹೊತ್ತಿನಲ್ಲಿ ಕೈಕೊಡಬಹುದು.

ಕಲೆಗಳಲ್ಲಿ ಜಾತಿ ಉಂಟು. ಹಾಲು, ರಕ್ತ, ಮೊಟ್ಟೆ, ವಾಂತಿ ಇವು ಪ್ರೋಟೀನಿನ ಕಲೆಗಳು. ಇವಕ್ಕೆ ಬಿಸಿನೀರು ಹಾಕಿದರೆ ಮೊಟ್ಟೆ ಬೆಂದ ಹಾಗೆ ಬಟ್ಟೆಯಲ್ಲೇ ಗಟ್ಟಿಯಾಗಿ ಕೂರುತ್ತವೆ. ಮೊದಲು ತಣ್ಣೀರು, ಆಮೇಲೆ ತಣ್ಣಗಿನ ಸೋಪಿನ ನೊರೆ. ರಕ್ತದ ಕಲೆ ಉಳಿದರೆ ಔಷಧದ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಉಪಯೋಗಕ್ಕೆ ಬರುತ್ತದೆ. ಬಾಟಲಿಯ ಮೇಲೆ ಆರು ಶೇಕಡಾ ಎಂದಿದ್ದರೆ ಅಷ್ಟೇ ನೀರು ಬೆರೆಸಿಕೊಳ್ಳಿ. ಗಾಢ ಬಣ್ಣದ ಬಟ್ಟೆ ಇದರಿಂದ ಮಾಸಬಹುದು.

ಸಾಂಬಾರಿನ ಕಲೆಗೆ ಸೋಪು ಹಚ್ಚಿದೊಡನೆ ಅದು ಕೆಂಪಾಗುತ್ತದೆ. ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದಿಲ್ಲವೇ, ಅದೇ ಇದು. ಸುಣ್ಣದಂತೆ ಸೋಪೂ ಕ್ಷಾರ. ಒದ್ದೆ ಬಟ್ಟೆಯಿಂದ ಸೋಪನ್ನು ಪೂರ್ತಿ ತೆಗೆದರೆ ಕೆಂಪು ಹೋಗಿ ಹಳದಿ ಉಳಿಯುತ್ತದೆ. ಆ ಹಳದಿಯನ್ನು ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬೆಳಕನ್ನು ತಡೆಯದು, ನಾಲ್ಕಾರು ದಿನದ ಬಿಸಿಲಿಗೆ ತಾನೇ ಮಂಕಾಗುತ್ತದೆ.

ಕಾಫಿ, ಚಹಾದ ಕಲೆಗೆ ಒಂದು ಪಾಲು ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಒತ್ತಿ, ನಂತರ ನೊರೆ. ತಲೆಯೊರಗುವ ಜಾಗದ ಎಣ್ಣೆಜಿಡ್ಡಿಗೆ ಮುಖಕ್ಕೆ ಹಾಕುವ ಪೌಡರು ಅಥವಾ ಮೆಕ್ಕೆಜೋಳದ ಹಿಟ್ಟು ಉದುರಿಸಿ ಅರ್ಧ ಗಂಟೆ ಬಿಟ್ಟು ಕೊಡವಿ, ಪಾತ್ರೆ ತೊಳೆಯುವ ದ್ರವದ ನೊರೆಯಿಂದ ಉಜ್ಜಿ. ಎಲೆ ಅಡಿಕೆಯ ಹಳೆಯ ಕಲೆ ಪೂರ್ತಿ ಹೋಗುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ. ನಿಂಬೆರಸ ಮುಟ್ಟಿಸಿದರೆ ತಿಳಿಯಾಗುತ್ತದೆ, ಅಷ್ಟರಲ್ಲಿ ತೃಪ್ತಿಪಡಬೇಕು.

ಅಡುಗೆ ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಕಲಸಿ ಹಚ್ಚುವುದು ಈಗ ಎಲ್ಲರ ಬಾಯಲ್ಲೂ ಇರುವ ಸಲಹೆ. ಬುಸ್ಸೆಂದು ನೊರೆ ಬರುವುದು ನೋಡಲು ಚೆಂದ. ಆದರೆ ಒಂದು ಕ್ಷಾರ, ಒಂದು ಆಮ್ಲ, ಎರಡೂ ಸೇರಿ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಅಪಾಯವಿಲ್ಲ, ಹೆಚ್ಚು ಪ್ರಯೋಜನವೂ ಇಲ್ಲ. ಬೇರೆ ಬೇರೆಯಾಗಿ ಬಳಸಿ.

ವಾಂತಿಯ ವಿಷಯ ಬೇರೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ತಲೆ ಸುತ್ತಿ ಬಂದ ವಾಂತಿಯಾದರೆ ಅದು ಬರೀ ಕೊಳೆ. ಮಗುವಿಗೆ ವಾಂತಿಯ ಜೊತೆ ಭೇದಿಯೂ ಇದ್ದರೆ ಅದರಲ್ಲಿ ವೈರಾಣುಗಳಿರುತ್ತವೆ, ಸೀಟಿನ ಮೇಲೆ ಬಿದ್ದು ಒಣಗಿದರೂ ದಿನಗಟ್ಟಲೆ ಬದುಕುತ್ತವೆ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಂಡು, ಮಾಸ್ಕ್ ಹಾಕಿ, ಗಟ್ಟಿ ಭಾಗವನ್ನು ರಟ್ಟಿನ ತುಂಡಿನಿಂದ ಎತ್ತಿ, ಉಳಿದದ್ದನ್ನು ಕಾಗದದಿಂದ ಒತ್ತಿ ತೆಗೆದು ಆಮೇಲೆ ತೊಳೆಯಿರಿ. ಬಳಸಿದ ಬಟ್ಟೆಯನ್ನು ಎಸೆಯಿರಿ. ಕೈಯನ್ನು ಸೋಪು ನೀರಿನಿಂದಲೇ ತೊಳೆಯಬೇಕು. 2020ರ ಕೊರೊನಾ ಕಾಲದಿಂದ ಎಲ್ಲಕ್ಕೂ ಸ್ಯಾನಿಟೈಸರ್ ಸಿಂಪಡಿಸುವ ರೂಢಿ ಬಂದಿದೆ. ವಾಂತಿಭೇದಿ ತರುವ ಕೆಲವು ವೈರಾಣುಗಳ ಮೇಲೆ ಅದರ ಆಟ ಹೆಚ್ಚು ನಡೆಯದು. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ ಎಂಬುದನ್ನೂ ಮರೆಯಬಾರದು.

ಕಾರು ಒಂದು ಮುಚ್ಚಿದ ಪೆಟ್ಟಿಗೆ

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಒಂದು ಸಾವಿರ ಘನ ಅಡಿ ಗಾಳಿ ಇರುತ್ತದೆ. ಸಣ್ಣ ಕಾರಿನೊಳಗೆ ಇರುವುದು ಹೆಚ್ಚುಕಡಿಮೆ ಅದರ ಹತ್ತನೇ ಒಂದು ಪಾಲು. ಬಚ್ಚಲಮನೆಯಲ್ಲಿ ಬರೀ ಮೂಗು ಉರಿಸುವ ಘಾಟು ಕಾರಿನಲ್ಲಿ ಆಸ್ಪತ್ರೆ ಸೇರಿಸಬಹುದು.

ಸುಮಾರು ಮೂವತ್ತು ವಯಸ್ಸಿನ ಗೃಹಿಣಿಯೊಬ್ಬರು ಮಗುವಿನ ವಾಂತಿಯ ವಾಸನೆ ಹೋಗಲೆಂದು ಸೀಟಿಗೆ ಬ್ಲೀಚಿಂಗ್ ಪುಡಿಯ ನೀರು ಹಚ್ಚಿದರು. ಸಾಲದೆಂದು ಕಕ್ಕಸು ತೊಳೆಯುವ ಆಸಿಡ್ಡನ್ನೂ ಸುರಿದರು. ಮಳೆ ಬರುತ್ತಿದ್ದರಿಂದ ಬಾಗಿಲು ಎಳೆದುಕೊಂಡಿದ್ದರು. ಬ್ಲೀಚಿಗೆ ಆಸಿಡ್ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಿಟ್ಟ ವಿಷಾನಿಲವೇ ಅದು. ಆಕೆ ಕಣ್ಣುರಿ ತಾಳದೆ ಹೊರಗೆ ಓಡಿ ಬಂದದ್ದರಿಂದ ಬದುಕಿದರು. ಸಂಜೆಯ ಹೊತ್ತಿಗೆ ಉಸಿರಾಟ ಕಷ್ಟವಾಗಿ ಒಂದು ರಾತ್ರಿ ಆಮ್ಲಜನಕದ ಮೇಲೆ ಇಡಬೇಕಾಯಿತು. ಬ್ಲೀಚಿಗೆ ಅಮೋನಿಯಾ ಇರುವ ಗಾಜು ಒರೆಸುವ ದ್ರವ ಸೇರಿದರೂ ವಿಷಾನಿಲವೇ. ಪೆರಾಕ್ಸೈಡಿಗೆ ವಿನೆಗರ್ ಸೇರಿಸುವುದೂ ತಪ್ಪು. ಬ್ಲೀಚನ್ನು ಸೀಟಿನ ಹತ್ತಿರವೇ ತರಬೇಡಿ, ಹೇಗೂ ಅದು ಬಟ್ಟೆಯ ಬಣ್ಣವನ್ನು ಕೆಡಿಸುತ್ತದೆ.

ಇಂಥ ಘಾಟು ಯಾರಿಗಾದರೂ ಬಡಿದರೆ ಮೊದಲು ಗಾಳಿಗೆ ಕರೆತನ್ನಿ, ಬಟ್ಟೆಗೆ ಬಿದ್ದಿದ್ದರೆ ಕಳಚಿಸಿ, ಕಣ್ಣನ್ನು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸ್ವಲ್ಪ ಹೊತ್ತಿಗೆ ಸುಧಾರಿಸಿದರು ಎಂದು ಸುಮ್ಮನಿರಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ತಡವಾಗಿಯೂ ಆಗಬಹುದು. ಕೆಮ್ಮು ನಿಲ್ಲದಿದ್ದರೆ, ಎದೆ ಬಿಗಿದರೆ, ಉಸಿರು ಏರುತ್ತಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಜಿಡ್ಡು ಬಿಡಿಸಲು ಪೆಟ್ರೋಲು, ಥಿನ್ನರ್ ಹಚ್ಚುವವರಿದ್ದಾರೆ. ತಲೆ ಸುತ್ತುವುದು ಒಂದು ಕಡೆ, ಕಾರಿನೊಳಗಿನ ಒಂದು ಸ್ವಿಚ್ಚಿನ ಕಿಡಿ ಸಾಕು. ಉಳಿದ ಪೆಟ್ರೋಲು, ಸೀಮೆಎಣ್ಣೆ, ಸೋಪಿನ ದ್ರವಗಳನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿ ಕಾರಿನಲ್ಲೇ ಇಡುವುದು ಅದಕ್ಕಿಂತ ಕೆಟ್ಟ ಅಭ್ಯಾಸ. ಬಾಯಾರಿದ ಮಗುವಿಗೆ ಅದು ನೀರೇ. ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು. ಪೆಟ್ರೋಲು, ಸೀಮೆಎಣ್ಣೆ ಹೊಟ್ಟೆಯಲ್ಲಿರುವಾಗ ಮಾಡುವ ಕೆಡುಕಿಗಿಂತ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದು ಮಾಡುವ ಕೆಡುಕು ಹೆಚ್ಚು. ಬಾಟಲಿ ಸಮೇತ ಆಸ್ಪತ್ರೆಗೆ ತನ್ನಿ.

ವಾಸನೆಗೆಂದು ನುಸಿಗುಳಿಗೆ ಇಡುವುದೂ ಬೇಡ. ಆ ಬಿಳಿ ನ್ಯಾಫ್ತಲೀನ್ ಗುಂಡುಗಳ ಆವಿಯಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆ ಮಕ್ಕಳಲ್ಲಿ ರಕ್ತಕಣಗಳು ಒಡೆದು ಕಾಮಾಲೆ ಬರಬಹುದು. ಯಾವ ಮಗುವಿಗೆ ಆ ಕೊರತೆಯಿದೆ ಎಂಬುದು ಮುಖ ನೋಡಿ ತಿಳಿಯುವುದಿಲ್ಲ. ಕಾರಿನ ಸುಗಂಧದ ಡಬ್ಬಿಗಳೂ ಆಸ್ತಮಾ ಇರುವವರಿಗೆ ಕೆಮ್ಮು ಕೆರಳಿಸುತ್ತವೆ. ಕೆಟ್ಟ ವಾಸನೆ ಬರುತ್ತಿದೆಯೆಂದರೆ ಒಳಗೆ ತೇವ ಅಥವಾ ಕೊಳೆ ಇದೆಯೆಂದು ಅರ್ಥ. ಅದನ್ನು ಮಲ್ಲಿಗೆಯ ಪರಿಮಳದಿಂದ ಮುಚ್ಚಿದರೆ ತೇವ ಹೋಗುವುದಿಲ್ಲ.

ಒಣಗಿಸುವುದು

ಬೆಳಿಗ್ಗೆ ಒಂಬತ್ತಕ್ಕೆ ಕೆಲಸ ಶುರುಮಾಡಿ ಹನ್ನೊಂದರೊಳಗೆ ಮುಗಿಸಿದರೆ ಇಡೀ ದಿನದ ಬಿಸಿಲು ಸಿಗುತ್ತದೆ. ಒಣ ಟವೆಲ್ ಹಾಸಿ ಅದರ ಮೇಲೆ ಮೊಣಕಾಲೂರಿ ಭಾರ ಬಿಡಿ, ಟವೆಲ್ ಬದಲಿಸಿ ಮತ್ತೆ ಮಾಡಿ. ಇನ್ನು ನೀರು ಬರುವುದಿಲ್ಲ ಎನ್ನುವವರೆಗೆ ಮಾಡಬೇಕು. ನಂತರ ಎಲ್ಲ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿ. ಮೋಡವಿದ್ದರೆ ಟೇಬಲ್ ಫ್ಯಾನನ್ನು ಕಾರಿನ ಹೊರಗೆ ಒಣ ಜಾಗದಲ್ಲಿಟ್ಟು ಸೀಟಿನತ್ತ ತಿರುಗಿಸಿ. ಒದ್ದೆ ಕೈಯಲ್ಲಿ ಅದರ ವೈರು ಮುಟ್ಟಬಾರದು. ಕಾಲಡಿಯ ಹಾಸನ್ನೂ ಎತ್ತಿ ನೋಡಿ. ಸೀಟಿಗಿಂತ ಹೆಚ್ಚು ನೀರು ಅಲ್ಲಿ ನಿಂತಿರುತ್ತದೆ. ಜಡಿಮಳೆಯ ದಿನಗಳಲ್ಲಿ ಇಡೀ ಸೀಟು ತೊಳೆಯುವ ಗೋಜಿಗೆ ಹೋಗದೆ, ಬಿದ್ದ ಜಾಗವನ್ನಷ್ಟೇ ನೊರೆಯಿಂದ ಒರೆಸಿ ಬಿಸಿಲಿನ ಭಾನುವಾರಕ್ಕೆ ಕಾಯುವುದೇ ಜಾಣತನ.

ಕಾರಿನ ಹೀಟರ್ ಹಾಕಿ ಒಣಗಿಸುವ ಯೋಚನೆ ಬಂದರೆ ಕಾರು ಬಯಲಿನಲ್ಲಿ ಮಾತ್ರ ಇರಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು ಬಂದು ಹಾಗೆಯೇ ಪ್ರಜ್ಞೆ ತಪ್ಪುತ್ತದೆ.

ಇನ್ನೊಂದು ಎಚ್ಚರಿಕೆ ಮಕ್ಕಳ ಬಗ್ಗೆ. ಬಾಗಿಲು ತೆರೆದು ನಿಂತ ಕಾರು ಅವರಿಗೆ ಆಟದ ಮನೆ. ಒಳಗೆ ಹೊಕ್ಕು ಬಾಗಿಲು ಎಳೆದುಕೊಂಡರೆ ಬಿಸಿಲಿನಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಶಾಖ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಬಿಸಿಯಾಗುತ್ತದೆ. ಹೀಗೆ ಸಿಕ್ಕಿಕೊಂಡು ಸತ್ತ ಮಕ್ಕಳ ಸುದ್ದಿ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಸೀಟು ಒಣಗುವವರೆಗೆ ದೊಡ್ಡವರೊಬ್ಬರು ಕಾರಿನ ಬಳಿ ಇರಲಿ, ಒಣಗಿದ ಮೇಲೆ ಬೀಗ ಹಾಕಿ ಕೀಲಿಯನ್ನು ಎತ್ತರದಲ್ಲಿಡಿ.

ಒಣಗಿತೇ ಎಂದು ತಿಳಿಯಲು ಬಿಳಿ ಕಾಗದವನ್ನು ಸೀಟಿನ ಮೇಲಿಟ್ಟು ಅಂಗೈಯಿಂದ ಒಂದು ನಿಮಿಷ ಬಲವಾಗಿ ಒತ್ತಿ. ಕಾಗದ ಮೆತ್ತಗಾದರೆ ಒಳಗೆ ಇನ್ನೂ ನೀರಿದೆ, ಕವರ್ ಹಾಕುವ ಹೊತ್ತು ಬಂದಿಲ್ಲ. ಎರಡು ಸಲ ತೊಳೆದು ಚೆನ್ನಾಗಿ ಒಣಗಿಸಿದ ಮೇಲೂ ಮಣ್ಣಿನಂಥ ಕಮಟು ವಾಸನೆ ಬರುತ್ತಿದ್ದರೆ, ಕರಿ ಚುಕ್ಕೆ ಮರಳಿ ಮೂಡಿದರೆ, ಬೂಷ್ಟು ಸ್ಪಂಜಿನೊಳಕ್ಕೆ ಇಳಿದಿದೆ ಎಂದು ತಿಳಿಯಿರಿ. ಅಲ್ಲಿಗೆ ಮನೆಮದ್ದಿನ ಕೆಲಸ ಮುಗಿಯಿತು. ಕುಶನ್ ಕೆಲಸ ಮಾಡುವವರಲ್ಲಿಗೆ ಹೋಗಿ, ಹಾಳಾದ ಸೀಟಿನ ಸ್ಪಂಜನ್ನು ಮಾತ್ರ ಬದಲಿಸಿಕೊಡುವಂತೆ ಕೇಳಿ. ನಾಲ್ಕೂ ಸೀಟು ಬದಲಿಸಬೇಕೆಂದು ಅವರು ಹೇಳಿದರೆ ಒಪ್ಪುವ ಮೊದಲು ಉಳಿದ ಮೂರಕ್ಕೂ ಕಾಗದ ಒತ್ತಿ ನೋಡಿ, ಮೂಗಿಟ್ಟು ವಾಸನೆಯನ್ನೂ ನೋಡಿ.